ಯಾರ ಕೈಯ ತುತ್ತು

ಬಾಯಮ್ಮನ ಬಲಗೈಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಉಳಿದ ಮೂರರಲ್ಲೇ ಗಂಜಿ ಕಿವುಚಿ ತುತ್ತು ಮಾಡುತ್ತಿದ್ದರು. ಕಾಸರಗೋಡಿನ ನಮ್ಮ ಎಣ್ಮಕಜೆ ಊರಿನ ಕಡೆ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ, ಬಾಯಮ್ಮ ಎಂದು. ನರ್ಸ್ ಆಗಿ ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆಗೆ ಬಂದವರು. ಬಾಯಿ ಮಾತ್ರ ನಿವೃತ್ತಿಯಾಗಿರಲಿಲ್ಲ.

ನನ್ನ ಮಗಳಿಗೆ ಇಪ್ಪತ್ತೆರಡು. ಹುಟ್ಟಿದಂದಿನಿಂದ ಮಲಗಿದಲ್ಲೇ, ಮಾತಿಲ್ಲ. ಮನೆಯಲ್ಲಿ ನಾವಿಬ್ಬರೇ. "ನನ್ನ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಯಲ್ಲೂ ಉಣ್ಣುವುದಿಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ.

"ಅದೆಂತ ಹೆಮ್ಮೆ ಮಾರಾಯ್ತಿ? ನಾಳೆ ನೀನು ಮಲಗಿದ್ರೆ ಅವಳಿಗೆ ಉಪವಾಸವಾ?" ಎಂದರು ಬಾಯಮ್ಮ. ಸಿಟ್ಟು ಬಂದು ಒಂದು ವಾರ ಅವರ ಮುಖ ನೋಡಲಿಲ್ಲ.

ಆಮೇಲೆ ನನ್ನ ಎದೆಯಲ್ಲಿ ಗಡ್ಡೆ ಕಂಡಿತು. ತಿಂಗಳೊಳಗೆ ಆಪರೇಷನ್ ಆಗಲೇಬೇಕೆಂದರು ಕಾಸರಗೋಡಿನ ಡಾಕ್ಟರು. ನಾನು ಓಡಿದ್ದು ಬಾಯಮ್ಮನ ಹತ್ತಿರವೇ.

ಅವರು ಉಣಿಸಲು ಕೂತರೆ ಮಗಳು ಹಲ್ಲು ಕಚ್ಚುತ್ತಿದ್ದಳು, ಉಗುಳುತ್ತಿದ್ದಳು. ಎರಡು ದಿನ ಬರೀ ನೀರು. ನನ್ನನ್ನು ಅಂಗಳಕ್ಕೆ ಅಟ್ಟಿದ್ದರು. ಮೂರನೆಯ ದಿನ ಅವಳ ಕೂಗು ಕೇಳಲಾರದೆ ಒಳಗೆ ನುಗ್ಗಿ, ಬಟ್ಟಲು ಕಸಿದು ನಾನೇ ಉಣಿಸಿದೆ. ಗಬಗಬ ಉಂಡಳು.

"ನೀನು ತುಂಬಿಸಿದ್ದು ಅವಳ ಹೊಟ್ಟೆ ಅಲ್ಲ, ನಿನ್ನದು," ಎಂದರು ಬಾಯಮ್ಮ. "ಪ್ರೀತಿ ಇದ್ರೆ 'ಉಂಡಳಾ' ಅಂತ ಕೇಳ್ತಿ. 'ಯಾರ ಕೈಯಲ್ಲಿ' ಅಂತ ಕೇಳುವುದು ಪ್ರೀತಿ ಅಲ್ಲ, ಅಂಟು."

ಮತ್ತೆ ಮೊದಲಿನಿಂದ ಶುರು. ಐದನೆಯ ದಿನ ಅವರ ಕೈಯಿಂದ ನಾಲ್ಕು ತುತ್ತು ಇಳಿಯಿತು. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ಇನ್ನು ನಾನೇಕೆ ಬದುಕಬೇಕು ಎಂದು ಬಾವಿಕಟ್ಟೆಯ ಹತ್ತಿರ ಕೂತು ಅತ್ತೆ.

ವಾರ ಕಳೆಯುವಷ್ಟರಲ್ಲಿ ಬಾಯಮ್ಮ ಬಟ್ಟಲನ್ನು ಎದುರುಮನೆಯ ಬ್ಯಾರಿ ಮುಸ್ಲಿಂ ಹೆಂಗಸಿನ ಕೈಗಿತ್ತರು, ಮರುದಿನ ಆಶಾ ಕಾರ್ಯಕರ್ತೆಯ ಕೈಗೆ. ಮಗಳು ಮತ್ತೆ ಹಲ್ಲು ಕಚ್ಚಿದಳು. "ಈಗಷ್ಟೇ ನಿಮಗೆ ಒಗ್ಗಿದ್ದಾಳೆ, ನೀವೇ ಉಣಿಸಿ" ಎಂದು ಬೇಡಿಕೊಂಡೆ.

"ನನಗೂ ಎಪ್ಪತ್ತು ದಾಟಿತು. ನೀನು ಸುಮ್ಮನಿರು," ಎಂದರು.

ತಿಂಗಳು ತುಂಬುವ ಮೊದಲು ಮಗಳನ್ನು ಆ ಮೂವರ ಕೈಗೆ ಬಿಟ್ಟು ಆಪರೇಷನ್ನಿಗೆ ಹೋದೆ. ಆಸ್ಪತ್ರೆಯಿಂದ ದಿನವೂ ಮಧ್ಯಾಹ್ನ ಎದುರುಮನೆಯವಳಿಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದೆ, "ಉಂಡಳಾ?" "ಉಂಡಳು ಅಕ್ಕ" ಎನ್ನುತ್ತಿದ್ದಳು. ಬಾಯಮ್ಮನನ್ನು ಕರೆ ಎಂದರೆ ಏನಾದರೊಂದು ನೆಪ ಹೇಳುತ್ತಿದ್ದಳು.

ಹನ್ನೊಂದನೆಯ ದಿನ ಮನೆಗೆ ಬಂದಾಗ ತಿಳಿಯಿತು. ನನ್ನ ಆಪರೇಷನ್ನಿನ ಮರುದಿನ ಬೆಳಿಗ್ಗೆಯೇ ಬಾಯಮ್ಮ ಎದೆನೋವಿನಿಂದ ತೀರಿಕೊಂಡಿದ್ದರು. ಮಣ್ಣು ಮಾಡುವಾಗಲೂ ನಾನಿರಲಿಲ್ಲ. ಆ ದಿನವೂ ನನ್ನ ಮಗಳು ಹೊಟ್ಟೆತುಂಬ ಉಂಡಿದ್ದಳು.