ನಿಧಾನಕ್ಕೆ ಹೋದಾಗ ಮಾತ್ರ ಬರುವ ಶಬ್ದ

ಬೀದಿಯವರಿಗೆಲ್ಲ ಅವನು ಸೂಕ್ಷ್ಮಯ್ಯ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತಣ್ಣಗೆ ಮಲಗಿದೆ. ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಗಡಿಯಾರ ರಿಪೇರಿ ಅಂಗಡಿ. ಅವನು ಕೂತರೆ ಗಿರಾಕಿ ನಿಲ್ಲಬೇಕು, ಇನ್ನೊಬ್ಬ ಗಿರಾಕಿ ಬಂದರೆ ರಸ್ತೆಯಿಂದಲೇ ಮಾತಾಡಬೇಕು. ಅಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೀನಿದರೆ ಹಾರಿಹೋಗುವಂಥ ಸ್ಕ್ರೂಗಳ ಜೊತೆ ಅವನು ಮೂವತ್ತೊಂದು ವರ್ಷ ಕಳೆದಿದ್ದಾನೆ.

ಕೆಲಸ ಕಲಿಸಿದ ಗುರುಗಳು ಮೊದಲ ದಿನವೇ ಒಂದು ಮಾತು ಹೇಳಿದ್ದರು. "ಸ್ಕ್ರೂ ಕಚ್ಕೊಳ್ತು ಅಂತ ಬೆರಳಿಗೆ ಗೊತ್ತಾದ ಕೂಡ್ಲೆ ಕೈ ತೆಗೆದುಬಿಡು. ಆಮೇಲೆ ಒಂದು ಕೂದಲಷ್ಟು ತಿರುಗಿಸಿದ್ರೂ ಅದರ ಕತ್ತು ಮುರಿಯುತ್ತೆ." ಶಿಷ್ಯ ಈ ಮಾತನ್ನು ಎಷ್ಟು ತಲೆಗೆ ಹಚ್ಚಿಕೊಂಡನೆಂದರೆ, ಅಂಗಡಿಗೆ ಬೀಗ ಹಾಕಿ ಮನೆಗೆ ಬಂದ ಮೇಲೂ ಅದು ಅವನ ಬೆರಳು ಬಿಡಲಿಲ್ಲ. ಬಚ್ಚಲಿನ ನಲ್ಲಿ ಸದಾ ತೊಟ್ಟಿಕ್ಕುತ್ತಿರುತ್ತದೆ, ಏಕೆಂದರೆ ಅದನ್ನು ಬಿಗಿಯಾಗಿ ತಿರುಗಿಸಲು ಅವನಿಗೆ ಮನಸ್ಸು ಬರುವುದಿಲ್ಲ. ಸಕ್ಕರೆ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿದರೆ ಮುಚ್ಚಳ ಕೈಯಲ್ಲಿ, ಸಕ್ಕರೆ ನೆಲದ ಮೇಲೆ. "ನೀವು ಮುಚ್ಚಿದ್ದು ಮುಚ್ಚಿದ್ದಲ್ಲ ರೀ, ಸುಮ್ನೆ ಮೇಲೆ ಇಟ್ಟಿದ್ದು," ಎನ್ನುತ್ತ ಹೆಂಡತಿ ಪೊರಕೆ ತರುತ್ತಾಳೆ.

ಹೆಂಡತಿ ದಾದಿ. ಆಸ್ಪತ್ರೆಯ ದಾದಿಯಲ್ಲ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ, ಮೈ ಒರೆಸಿ, ಗಾಯಕ್ಕೆ ಪಟ್ಟಿ ಕಟ್ಟಿ, ಮಗ್ಗುಲು ಬದಲಿಸಿ ಬರುವವಳು. ದಿನಕ್ಕೆ ಏಳು ಮನೆ. ಆ ಏಳೂ ಮನೆಗೆ ಅವಳನ್ನು ಹೊತ್ತು ತಿರುಗುವುದು ಇಪ್ಪತ್ತನಾಲ್ಕು ವರ್ಷ ವಯಸ್ಸಿನ ಬೂದು ಬಣ್ಣದ ಕಾರು. ಅದರ ಮುಂದಿನ ಎಡಬಾಗಿಲನ್ನು ಎರಡು ಸಲ ಬಡಿಯಬೇಕು, ಒಂದು ಸಲಕ್ಕೆಲ್ಲ ಅದು ಸೊಪ್ಪು ಹಾಕುವುದಿಲ್ಲ. ಪೆಟ್ರೋಲು ಮುಳ್ಳು ಯಾವಾಗ ನೋಡಿದರೂ ಅರ್ಧದಲ್ಲಿ ನಿಂತಿರುತ್ತದೆ.

ಈ ಕಾರಿನ ವೈದ್ಯ ಸೂಕ್ಷ್ಮಯ್ಯನೇ. ಗ್ಯಾರೇಜಿನವರ ಮೇಲೆ ಅವನಿಗೆ ನಂಬಿಕೆಯಿಲ್ಲ, ಅವರು ಸುತ್ತಿಗೆಯಿಂದ ಶುರು ಮಾಡುತ್ತಾರೆ ಎಂಬುದು ಅವನ ದೂರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿ, ಭೂತಗನ್ನಡಿ ಹಾಕಿಕೊಂಡು ಒಂದೊಂದನ್ನೇ ಒರೆಸುತ್ತಾನೆ. "ಇದೂ ಗಡಿಯಾರವೇ ಕಣೇ, ಮೈ ಸ್ವಲ್ಪ ದಪ್ಪ ಅಷ್ಟೆ," ಎನ್ನುತ್ತಾನೆ. ಎಂಜಿನ್ನಿನ ಮೇಲ್ಮೇಲಿನ ಕೆಲಸಕ್ಕೆ ಅವನ ಹಗುರ ಕೈ ಹೇಳಿ ಮಾಡಿಸಿದ ಹಾಗಿತ್ತು. ಚಕ್ರ ಬಿಚ್ಚುವ ಕೆಲಸ ಮಾತ್ರ ಮೊದಲಿನಿಂದಲೂ ಪಂಕ್ಚರ್ ಅಂಗಡಿಯವನದು.

ಈ ಸಲ ಅದಕ್ಕೂ ಕೈ ಹಾಕಿದ. ಬ್ರೇಕ್ ಪ್ಯಾಡು ಸವೆದಿತ್ತು. ಕಾರಿನ ಕೈಪಿಡಿಯಲ್ಲಿ ಚಿತ್ರಸಮೇತ ವಿವರಣೆಯಿತ್ತು. ಮುಂದಿನ ಎರಡು ಚಕ್ರ ಕಳಚಿ, ಹೊಸ ಪ್ಯಾಡು ಕೂರಿಸಿ, ಚಕ್ರ ಹಾಕಿ, ನಟ್ಟು ತಿರುಗಿಸಿ, ಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಒತ್ತುವಷ್ಟರಲ್ಲಿ ಮಧ್ಯಾಹ್ನವಾಯಿತು. ಬ್ರೇಕು ಬೆಣ್ಣೆಯ ಹಾಗೆ ಹಿಡಿಯಿತು. ಅವತ್ತು ಅವನು ಮೀಸೆ ತಿರುವಿದ್ದೇ ತಿರುವಿದ್ದು.

ಅದಾಗಿ ಹತ್ತು ದಿನಕ್ಕೆ ಹೆಂಡತಿ ಬಂದವಳೇ ಬ್ಯಾಗು ಇಳಿಸಿ ಹೇಳಿದಳು. "ರೀ, ಕಾರು ಎಲ್ಲೋ ಟಕ್ ಟಕ್ ಅಂತಿದೆ. ಸ್ಟೇರಿಂಗೂ ಒಂಚೂರು ನಡುಗುತ್ತೆ."

"ವಯಸ್ಸಾಯ್ತಲ್ಲ, ನಡುಗುತ್ತೆ ಬಿಡು. ಆ ಟಕ್ ಯಾವಾಗ ಬರುತ್ತೆ ಹೇಳು."

"ನಿಧಾನಕ್ಕೆ ಹೋದಾಗ ಮಾತ್ರ. ಯಾರದಾದ್ರೂ ಮನೆ ಗೇಟಿನ ಹತ್ರ, ಓಣಿ ಒಳಗೆ. ರಸ್ತೆಗೆ ಬಂದು ಸ್ವಲ್ಪ ಜೋರಾಗಿ ಬಿಟ್ರೆ ಬಾಯಿ ಮುಚ್ಕೊಳುತ್ತೆ."

ಬೇರೆ ಗಂಡಸಾಗಿದ್ದರೆ ಇದನ್ನು ಕೇಳಿ ಗೊಣಗುತ್ತಿದ್ದ. ಸೂಕ್ಷ್ಮಯ್ಯನ ಕಿವಿ ನೆಟ್ಟಗಾಯಿತು. ಕೆಟ್ಟ ಯಂತ್ರದ ಶಬ್ದ ವೇಗ ಏರಿದಂತೆ ಏರಬೇಕು. ಇದು ವೇಗ ಏರಿದರೆ ಸುಮ್ಮನಾಗುತ್ತದಂತೆ! ಅವನಿಗೆ ಆ ರಾತ್ರಿಯ ಊಟ ಏನೆಂಬುದೂ ಗೊತ್ತಾಗಲಿಲ್ಲ.

ಆದರೆ ಹೆಂಡತಿಯ ತಮ್ಮ ಆ ವಾರವೇ ಬಂದು ಕಡ್ಡಿ ಆಡಿಸಿದ. ಹಳೆ ಕಾರು ಕೊಟ್ಟು ಹೊಸದು ತಗೊಳ್ಳುವ ಯೋಜನೆಯೊಂದು ಯಾವುದೋ ಷೋರೂಮಿನಲ್ಲಿದೆ, ತಿಂಗಳ ಕೊನೆಯ ಭಾನುವಾರಕ್ಕೆ ಮುಗಿಯುತ್ತದೆ. "ಭಾವ, ಇದನ್ನ ಇನ್ನೂ ಇಟ್ಕೊಂಡ್ರೆ ಮ್ಯೂಸಿಯಮ್ಮಿನವರು ಬಂದು ಎತ್ಕೊಂಡು ಹೋಗ್ತಾರೆ," ಎಂದ. ಹೆಂಡತಿ ನಗಲಿಲ್ಲ. "ಆ ಭಾನುವಾರದೊಳಗೆ ಶಬ್ದ ಹಿಡೀರಿ. ಹಿಡಿದ್ರೆ ಕಾರು ನಮ್ಮದು. ಇಲ್ಲಾಂದ್ರೆ ಇವನ ಜೊತೆ ಹೋಗಿ ಕೊಟ್ಟುಬರ್ತೀನಿ. ದಾರಿ ಮಧ್ಯೆ ನಿಂತರೆ ಏಳು ಮನೆಯವರು ಒದ್ದೆ ಹಾಸಿಗೆಯಲ್ಲಿ ಕಾಯ್ತಿರ್ತಾರೆ ರೀ." ಹದಿನಾರು ದಿನ ಉಳಿದಿತ್ತು.

ಮಾರನೆಯ ದಿನದಿಂದ ಅಂಗಡಿ ಮಧ್ಯಾಹ್ನಕ್ಕೆ ತೆರೆಯತೊಡಗಿತು. ಬೆಳಿಗ್ಗೆಯೆಲ್ಲ ಸೂಕ್ಷ್ಮಯ್ಯ ಕಾರಿನ ಹಿಂದಿನ ಸೀಟಿನಲ್ಲಿ ಬಗ್ಗಿ, ಒಂದು ಮೊಳ ಉದ್ದದ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರಿನ ನೆಲಕ್ಕೆ ಹಚ್ಚಿಕೊಂಡಿರುತ್ತಿದ್ದ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಸ್ಕೂಟರಿನವರು ಬಗ್ಗಿ ನೋಡುತ್ತಿದ್ದರು. "ನನ್ನ ಪೇಷಂಟು ಅಂದ್ಕೊಂಡಿದಾರೆ ನಿಮ್ಮನ್ನ," ಎಂದು ಹೆಂಡತಿ ಕನ್ನಡಿಯಲ್ಲಿ ನೋಡಿ ಹೇಳಿದಳು.

ಮೊದಲ ವಾರ ಎಂಜಿನ್ನಿಗೇ ಹೋಯಿತು. ಫ್ಯಾನು ನೋಡಿದ, ಬೆಲ್ಟು ನೋಡಿದ, ಬ್ಯಾಟರಿಯ ಪಟ್ಟಿ ನೋಡಿದ. ಡಿಕ್ಕಿಯನ್ನು ಖಾಲಿ ಮಾಡಿದಾಗ ಒಂದು ಕೊಡೆ, ಒಂಟಿ ಚಪ್ಪಲಿ, ಎಂದೋ ಕಳೆದುಹೋದ ಸ್ಟೀಲ್ ಚಮಚ ಸಿಕ್ಕವು. ಶಬ್ದ ಸಿಗಲಿಲ್ಲ.

ಈ ಓಡಾಟದಲ್ಲಿ ಹುಡುಕದೆ ಸಿಕ್ಕಿದ್ದು ಬೇರೆಯೇ ಒಂದಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವನು ಹೆಂಡತಿಯ ಕೆಲಸವನ್ನು ಕಣ್ಣಾರೆ ಕಂಡಿರಲಿಲ್ಲ. ಅವಳು ಬೆಳಿಗ್ಗೆ ಹೋಗುತ್ತಿದ್ದಳು, ಸಂಜೆ ಸೊಂಟ ಹಿಡಿದುಕೊಂಡು ಬರುತ್ತಿದ್ದಳು, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಐದನೆಯ ಮನೆಯಲ್ಲಿ ಹಿಂದೆ ಲಾರಿ ಓಡಿಸುತ್ತಿದ್ದ ಭಾರಿ ಆಳೊಬ್ಬ ಪಾರ್ಶ್ವವಾಯು ಬಡಿದು ಮಲಗಿದ್ದ. ಅವತ್ತು ಅವನ ಮಗಳು ಊರಲ್ಲಿರಲಿಲ್ಲ, ಸ್ವಲ್ಪ ಕೈ ಜೋಡಿಸಿ ಎಂದು ಹೆಂಡತಿ ಗಂಡನನ್ನು ಒಳಗೆ ಕರೆದಳು. ಸೂಕ್ಷ್ಮಯ್ಯ ಆ ಲಾರಿಯವನ ಭುಜವನ್ನು ಕೈಗಡಿಯಾರ ಎತ್ತುವ ಹಾಗೆ ಎರಡು ಬೆರಳಲ್ಲಿ ಹಿಡಿದ. ಮಲಗಿದ್ದವನ ಕಣ್ಣಲ್ಲಿ ದಿಗಿಲು ಕಾಣಿಸಿತು.

"ಹಾಗೆ ಹಿಡೀಬೇಡಿ," ಎಂದಳು ಅವಳು. "ಬಿದ್ದುಬಿಡ್ತೀನೇನೋ ಅಂತ ಅವರಿಗೆ ಭಯ ಆಗುತ್ತೆ. ಗಟ್ಟಿಯಾಗಿ ಹಿಡೀರಿ. ಗಟ್ಟಿಯಾಗಿ ಹಿಡಿದ್ರೇನೇ ಅವರಿಗೆ ಸಮಾಧಾನ." ಅವನನ್ನು ಪಕ್ಕಕ್ಕೆ ಸರಿಸಿ, ಒಂದು ಮಂಡಿ ಮಂಚದ ಅಂಚಿಗೆ ಒತ್ತಿ, ಅಂಗೈ ಪೂರ್ತಿ ಊರಿ, "ಒಂದು, ಎರಡು, ಹ್ಞೂ," ಎಂದು ಆ ದೊಡ್ಡ ದೇಹವನ್ನು ಒಂದೇ ಉಸಿರಿಗೆ ಮಗ್ಗುಲಾಗಿಸಿದಳು. ಲಾರಿಯವನು ನಿರಾಳವಾಗಿ ಕಣ್ಣು ಮುಚ್ಚಿದ. ಸೂಕ್ಷ್ಮಯ್ಯ ಬಾಯಿ ಬಿಟ್ಟುಕೊಂಡು ನಿಂತಿದ್ದ. ಇಷ್ಟು ಬಲ ಈ ಮೈಯಲ್ಲಿ ಎಲ್ಲಿತ್ತು, ತಾನು ಇಷ್ಟು ವರ್ಷ ಏನು ನೋಡುತ್ತಿದ್ದೆ ಎಂದು ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಎರಡನೆಯ ವಾರ ಒಂದು ಇಳಿಜಾರಿನಲ್ಲಿ ಅವನಿಗೆ ಹೊಳೆಯಿತು. "ಎಂಜಿನ್ ಆಫ್ ಮಾಡು, ಹಾಗೇ ಬಿಡು," ಎಂದ. ಕಾರು ಸದ್ದಿಲ್ಲದೆ ಮೆಲ್ಲಗೆ ಜಾರತೊಡಗಿತು. ಟಕ್. ಟಕ್. ಟಕ್. ಹಾಗಾದರೆ ಎಂಜಿನ್ನಲ್ಲ! ಏಳು ದಿನ ತಪ್ಪು ಮನೆಯ ಕದ ತಟ್ಟಿದೆನಲ್ಲ ಎಂದು ಅವನು ಹಣೆ ಚಚ್ಚಿಕೊಂಡರೂ, ಒಳಗೊಳಗೆ ಖುಷಿಯಿಂದ ಕುಣಿಯುತ್ತಿದ್ದ. ಎಂಜಿನ್ ನಿಂತರೂ ತಿರುಗುವುದು ಚಕ್ರ.

ಕೊನೆಯ ಶನಿವಾರ ಮಧ್ಯಾಹ್ನ ಮನೆಯ ಮುಂದಿನ ಓಣಿಯಲ್ಲಿ ಅವನು ನಾಲ್ಕೂ ಟೈರುಗಳ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದ. ಹೆಂಡತಿ ಆಮೆ ನಡಿಗೆಯಲ್ಲಿ ಕಾರು ಬಿಟ್ಟಳು, ಅವನು ಪಕ್ಕದಲ್ಲಿ ಬಗ್ಗಿಕೊಂಡೇ ನಡೆದ. ಒಂದೊಂದು ಚಕ್ರಕ್ಕೂ ಓಣಿಯ ಒಂದೊಂದು ಸುತ್ತು. ಮುಂದಿನ ಎಡ ಚಕ್ರದ ಗೆರೆ ನೆಲ ಮುಟ್ಟಿದಾಗಲೆಲ್ಲ ಅವನ ಕಿವಿಯ ಬುಡದಲ್ಲೇ ಟಕ್ ಎಂದಿತು. ಮುಟ್ಟಿತು, ಟಕ್. ಮುಟ್ಟಿತು, ಟಕ್.

"ಸಿಕ್ತು! ನಿಲ್ಸು, ನಿಲ್ಸು!" ಎಂದು ಅವನು ಕೂಗಿದ ರಭಸಕ್ಕೆ ಎದುರುಮನೆಯವರು ಕಿಟಕಿ ತೆರೆದರು. ಹೆಂಡತಿ ನಗುತ್ತ ಇಳಿದು, ಚಹಾಕ್ಕಿಡುತ್ತೇನೆಂದು ಒಳಗೆ ಹೋದಳು.

ಸೂಕ್ಷ್ಮಯ್ಯ ನೆಲದ ಮೇಲೆ ಕೂತು ಪ್ಲಾಸ್ಟಿಕ್ ಮುಚ್ಚಳದ ಅಂಚಿಗೆ ಬೆರಳು ಹಾಕಿ ಎಳೆದ. ಮುಚ್ಚಳ ಬಿಟ್ಟುಕೊಂಡಿತು. ಅದರೊಳಗಿಂದ ಒಂದು ನಟ್ಟು ಉರುಳಿ ಅವನ ಮಡಿಲಿಗೆ ಬಿತ್ತು.

ಅವನು ಅದನ್ನು ನೋಡಿದ, ಚಕ್ರವನ್ನು ನೋಡಿದ. ನಾಲ್ಕು ನಟ್ಟು ಇರಬೇಕಾದ ಕಡೆ ಮೂರಿದ್ದವು. ಒಂದನ್ನು ಮುಟ್ಟಿದ, ಬೆರಳಲ್ಲೇ ತಿರುಗಿತು. ಇನ್ನೊಂದೂ ತಿರುಗಿತು. ಚಕ್ರವನ್ನು ಹಿಡಿದಿದ್ದದ್ದು ಉಳಿದ ಒಂದೇ ಒಂದು. ಕಳಚಿದ ನಟ್ಟು ಮುಚ್ಚಳದೊಳಗೆ ಸಿಕ್ಕಿಕೊಂಡು, ಚಕ್ರ ನಿಧಾನಕ್ಕೆ ತಿರುಗಿದಾಗ ಉರುಳಿ ಬೀಳುತ್ತಿತ್ತು, ಜೋರಾಗಿ ತಿರುಗಿದಾಗ ಅಂಚಿಗೆ ಅಂಟಿಕೊಂಡು ಸುಮ್ಮನಾಗುತ್ತಿತ್ತು. ಎರಡು ವಾರ ಅವನ ನಿದ್ದೆ ಕೆಡಿಸಿದ ಒಗಟು ಇಷ್ಟೇ. ಬ್ರೇಕ್ ಪ್ಯಾಡು ಹಾಕಿದ ದಿನ ಅವನು ಚಕ್ರದ ನಟ್ಟುಗಳನ್ನೂ ಕಚ್ಚಿಕೊಂಡಿತೆಂದು ಗೊತ್ತಾದ ಕೂಡಲೇ ಕೈ ತೆಗೆದುಬಿಟ್ಟಿದ್ದ. ಹುಡುಕುವಾಗ ಇಡೀ ಕಾರಿನ ಮೇಲೆ ಅನುಮಾನಪಟ್ಟ, ತನ್ನ ಕೈಯೊಂದರ ಮೇಲೆ ಪಡಲಿಲ್ಲ.

ಹೆಂಡತಿ ದಿನಾ ಎರಡು ಸಲ ಹೊಳೆಯ ಸೇತುವೆ ದಾಟುತ್ತಾಳೆ. ಸಡಿಲವಾಗಿದ್ದ ಎರಡು ನಟ್ಟುಗಳನ್ನು ಅವನು ಅಂಗೈಯಿಂದ ಒತ್ತಿ ಹಿಡಿದ.

ಅಷ್ಟರಲ್ಲಿ ಒಳಗಿಂದ ದನಿ ಬಂತು. "ಏನಂತೆ ರೀ ಅದು?"

ಒಂದು ಕಲ್ಲು ಎಂದರೆ ಮುಗಿಯುತ್ತಿತ್ತು. ಮುಚ್ಚಳದೊಳಗೆ ಸಣ್ಣ ಕಲ್ಲು ಸಿಕ್ಕಿತ್ತು ಕಣೇ ಎಂದು ಹೇಳಿ, ನಟ್ಟು ಹಾಕಿ ಬಿಗಿದರೆ ಕಾರು ಉಳಿಯುತ್ತಿತ್ತು, ಮೀಸೆಯೂ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆಗ ಅವನಿಗೆ ಆ ಲಾರಿಯವನ ಕಣ್ಣು ನೆನಪಾಯಿತು. ಹಿಡಿದ ಕೈ ಸಡಿಲ ಎಂದು ಗೊತ್ತಾದವನ ಕಣ್ಣು ಅದು. ಇವಳಿಗೆ ಅದು ಗೊತ್ತೂ ಇರಲಿಲ್ಲ.

ಅವನು ಒಳಗೆ ಹೋಗಿ ನಟ್ಟನ್ನು ಚಹಾ ಲೋಟದ ಪಕ್ಕ ಇಟ್ಟ. "ಇದು ಚಕ್ರದ್ದು. ಬಿದ್ದುಹೋಗಿತ್ತು. ಇನ್ನೆರಡು ಬೀಳೋದ್ರಲ್ಲಿತ್ತು. ನಾನು ಸರಿಯಾಗಿ ತಿರುಗಿಸಿರಲಿಲ್ಲ ಕಣೇ. ಚಕ್ರಾನೂ ಸಕ್ಕರೆ ಡಬ್ಬಿ ಮುಚ್ಚಳದ ಹಾಗೆ ಸುಮ್ನೆ ಮೇಲೆ ಇಟ್ಟಿದ್ದೆ."

ಅವಳು ನಟ್ಟನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು. ಒಲೆ ಆರಿಸಿ, ಸೆರಗು ಸಿಕ್ಕಿಸಿ ಓಣಿಗೆ ನಡೆದಳು. ಅವನು ಬೆನ್ನಿಗೇ ಹೋಗಿ ಸ್ಪ್ಯಾನರ್ ಕೊಟ್ಟ. ಅವಳು ನಟ್ಟು ಕೂರಿಸಿ, ಬೆರಳಲ್ಲಿ ತಿರುಗಿಸಿ, ಆಮೇಲೆ ಸ್ಪ್ಯಾನರಿನ ಹಿಡಿಯ ಮೇಲೆ ಒಂದು ಕಾಲಿಟ್ಟು, ಅವನ ಹೆಗಲು ಹಿಡಿದು, "ಒಂದು, ಎರಡು, ಹ್ಞೂ," ಎಂದು ಮೈಭಾರ ಬಿಟ್ಟಳು. ಕಬ್ಬಿಣ ಕಿರ್ ಎಂದಿತು. ಕತ್ತು ಮುರಿಯುತ್ತದೆಂದು ಸೂಕ್ಷ್ಮಯ್ಯ ಕಣ್ಣು ಮುಚ್ಚಿದ. ಮುರಿಯಲಿಲ್ಲ. ಹಾಗೆಯೇ ಅವಳು ಮುಂದಿನ ಎರಡೂ ಚಕ್ರ ಮುಗಿಸಿದಳು, ಅವನು ಮುಟ್ಟದ ಹಿಂದಿನ ಎರಡನ್ನೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಭಾವಮೈದ ಷೋರೂಮಿನ ಕಾಗದ ಹಿಡಿದು ಬಂದ. ಅಕ್ಕ ಎಲ್ಲವನ್ನೂ ಹೇಳಿದಳು, ಒಂದಕ್ಷರ ಬಿಡಲಿಲ್ಲ. ಅವನು ಭಾವನನ್ನು ನೋಡಿದ, ಭಾವ ಗೋಡೆ ನೋಡಿದ.

"ಮತ್ತೆ ಕಾರು ಕೊಡಲ್ವಾ ಅಕ್ಕ?"

"ಕಾರೇನೋ ತಪ್ಪು ಮಾಡಿಲ್ಲ. ಪಾಪ, ಎರಡು ವಾರ ಬಾಯಿಬಿಟ್ಟು ಹೇಳ್ತಾ ಇತ್ತು. ಗಂಡನ್ನ ಎಕ್ಸ್‌ಚೇಂಜ್ ಮಾಡ್ಕೋತಾರಾ ಅಂತ ಬೇಕಾದ್ರೆ ಕೇಳ್ಕೊಂಡು ಬಾ." ತಮ್ಮ ನಕ್ಕ. ಅವಳು ನಗಲಿಲ್ಲ, ಸೂಕ್ಷ್ಮಯ್ಯನೂ ನಗಲಿಲ್ಲ.

ಸೋಮವಾರ ಅವಳು ಬ್ಯಾಗು ಎತ್ತಿಕೊಂಡು ಅವನ ಕಡೆ ನೋಡದೆ ಹೊರಟಳು. ಅವನು ಗೇಟಿನ ಹತ್ತಿರ ನಿಂತು, ರಬ್ಬರ್ ಕೊಳವೆಯನ್ನು ಕೈಯಲ್ಲಿ ಸುತ್ತುತ್ತ ಕಿವಿಗೊಟ್ಟ. ಕಾರು ಓಣಿಯಲ್ಲಿ ಮೆಲ್ಲಗೆ ಹೋಯಿತು. ಟಕ್ ಇಲ್ಲ. ಏನೂ ಇಲ್ಲ. ಅವನು ಬಯಸಿದ್ದು ಇದನ್ನೇ. ಆದರೂ ಇನ್ನು ಆ ಹಿಂದಿನ ಸೀಟಿನಲ್ಲಿ ತನಗೆ ಕೆಲಸವಿಲ್ಲ, ಐದನೆಯ ಮನೆಯನ್ನು ಇನ್ನು ನೋಡುವುದಿಲ್ಲ ಎಂದು ನೆನೆದು ಅವನ ಮನಸ್ಸು ಬರಿದಾಯಿತು.

ಓಣಿಯ ತುದಿಯಲ್ಲಿ ಕಾರು ನಿಂತಿತು. ಅಲ್ಲೇ ಒಂದು ನಿಮಿಷ ಇದ್ದು, ಹಿಂದಕ್ಕೆ ಚಲಿಸುತ್ತ ಗೇಟಿನ ತನಕ ಬಂತು. ಹೆಂಡತಿ ಬಗ್ಗಿ ಮುಂದಿನ ಎಡಬಾಗಿಲು ತೆರೆದಳು.

"ಶಬ್ದ ಇಲ್ಲ ಅಂದ್ರೆ ಬರಬಾರದು ಅಂತ ಏನಾದ್ರೂ ಇದೆಯಾ?" ಮುಖ ಇನ್ನೂ ಬಿಗಿದುಕೊಂಡೇ ಇತ್ತು. "ಲಾರಿಯವರ ಮಗಳು ಇನ್ನೂ ಊರಿಂದ ಬಂದಿಲ್ಲ. ಹತ್ತಿ."

ಸೂಕ್ಷ್ಮಯ್ಯ ಕೊಳವೆಯನ್ನು ಕಾಂಪೌಂಡಿನ ಮೇಲಿಟ್ಟು ಅವಳ ಪಕ್ಕದಲ್ಲಿ ಕೂತ. ಬಾಗಿಲನ್ನು ಅಭ್ಯಾಸದಂತೆ ಮೆಲ್ಲಗೆ ಎಳೆದುಕೊಂಡ. ಅವಳು ಅವನನ್ನೇ ನೋಡುತ್ತ ಕಾದಳು. ಅವನು ಬಾಗಿಲನ್ನು ಮತ್ತೆ ತೆರೆದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿದ. ಒಂದೇ ಸಲಕ್ಕೆ ಹಾಕಿಕೊಂಡಿತು.