ಸುಂಕದ ಹೆಗ್ಗಡೆಯ ಕೆಮ್ಮು

ಹೊಯ್ಸಳರ ರಾಜ್ಯದಲ್ಲಿ ಕೊಲೆ ಮಾಡಿ ದಕ್ಕಿಸಿಕೊಂಡವನು ಒಬ್ಬನೂ ಇಲ್ಲ. ಏಕೆಂದರೆ ಅಲ್ಲಿ ಹೊರಮಾವಿನ ಮುನಿಶಾಮಿ ಕೆಮ್ಮುತ್ತಿದ್ದರು.

ಮುನಿಶಾಮಿಯವರಿಗೆ ಈಗ ಅರವತ್ತೇಳು. ಅವರ ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲದ ಮೇಲೆ ಇಂದು ಹನ್ನೊಂದು ಅಂತಸ್ತಿನ ಅಪಾರ್ಟ್‌ಮೆಂಟ್ ನಿಂತಿದೆ. ಅದರ ಹೆಸರನ್ನು ಉಚ್ಚರಿಸುವುದು ಮುನಿಶಾಮಿಯವರಿಗೂ ಬಾರದು, ಅದರ ವಾಚ್‌ಮನ್ನನಿಗೂ ಬಾರದು. ಉಳಿದ ಜಾಗದಲ್ಲಿ ಸಾಲು ರೂಮು ಕಟ್ಟಿಸಿ, ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಹಾಗಾಗಿ ಬೀದಿಗೆಲ್ಲ ಅವರು ‘ಓನರ್’. ಓನರ್ ಎಂದರೆ ನಲ್ಲಿಯಲ್ಲಿ ನೀರು ನಿಂತಾಗ ನೆನಪಾಗಿ, ಬಂದ ಕೂಡಲೇ ಮರೆತುಹೋಗುವ ದೇವರು. ಅರವತ್ತೈದು ವರ್ಷ ತುಂಬುವವರೆಗೆ ಅವರ ಮಾತನ್ನು ನಿಂತು ಕೇಳಿದವರು ಯಾರೂ ಇರಲಿಲ್ಲ. ಹೆಂಡತಿ ಆಂಜನಮ್ಮನೂ ಅನ್ನ ಬಸಿಯುತ್ತಲೇ ಕೇಳುತ್ತಿದ್ದರು.

ಆಗ ಬಂದವನು ಮಧುಕರ್. ಮೊಬೈಲಿನಲ್ಲಿ ಕಥೆ ಕೇಳಿಸುವ ಒಂದು ಕಂಪನಿಯ ಪರವಾಗಿ, ಮನೆಯ ಹಿಂದಿನ ಹಳೆಯ ದನದ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದ. ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿ, ಎಮ್ಮೆ ಕಟ್ಟುತ್ತಿದ್ದ ಗೂಟದ ಜಾಗದಲ್ಲಿ ಮೈಕು ನಿಲ್ಲಿಸಿ, ಅದನ್ನು ಸ್ಟುಡಿಯೋ ಎಂದು ಕರೆದ. ಅಲ್ಲಿ ತಯಾರಾಗುತ್ತಿದ್ದದ್ದು ‘ಸುಂಕದ ಹೆಗ್ಗಡೆ’ ಎಂಬ ಸರಣಿ. ದೋರಸಮುದ್ರದ ನಿವೃತ್ತ ಸುಂಕದ ಅಧಿಕಾರಿ ಕೇತಯ್ಯ ಹೆಗ್ಗಡೆ, ವಯಸ್ಸು ಎಪ್ಪತ್ತು, ಕಂತಿಗೊಬ್ಬ ಕೊಲೆಗಾರನನ್ನು ಹಿಡಿಯಬೇಕು. ಬರೆಯುತ್ತಿದ್ದವಳು ಇತಿಹಾಸದಲ್ಲಿ ಎಂ.ಎ. ಮಾಡಿದ್ದ ಬೃಂದಾ. ಆಕೆ ಮಹಾ ಕಟ್ಟುನಿಟ್ಟು. ಹೊಯ್ಸಳರ ಅಡುಗೆಮನೆಗೆ ಹಸಿಮೆಣಸಿನಕಾಯಿ ಬಿಡಳು, ಆಲೂಗಡ್ಡೆ ಬಿಡಳು, ಟೊಮೇಟೊ ಹೆಸರೆತ್ತಿದರೆ ಸಿಡುಕುವಳು. ಅವಳ ಕಥೆಯ ಜನ ಕರಿಮೆಣಸಿನ ಸಾರು ಉಂಡು, ಅದರಲ್ಲೇ ವಿಷ ಕುಡಿದು ಸಾಯುತ್ತಿದ್ದರು.

ಮೊದಲ ರೆಕಾರ್ಡಿಂಗಿನ ದಿನ ಕೊಲೆಗಾರನ ಪಾತ್ರದ ಹುಡುಗ, “ಆ ಹೊತ್ತಿಗೆ ನಾನು ಗದ್ದೆಯಲ್ಲಿದ್ದೆ ಸ್ವಾಮಿ,” ಎಂದ. ಅದೇ ಗಳಿಗೆಗೆ, ಮೋಟರ್ ನೋಡಲು ಬಂದಿದ್ದ ಮುನಿಶಾಮಿ ಬಾಗಿಲಲ್ಲಿ ಕೆಮ್ಮಿದರು.

ಅದೇನು ಸಾಮಾನ್ಯ ಕೆಮ್ಮಲ್ಲ. ಹೊಕ್ಕುಳಲ್ಲಿ ಹುಟ್ಟಿ, ಎದೆಯಲ್ಲಿ ಎರಡು ಸುತ್ತು ಪ್ರದಕ್ಷಿಣೆ ಹಾಕಿ, ಗಂಟಲಿಗೆ ಬಂದು ಅಲ್ಲೇ ಕಾಲು ಮಡಚಿ ಕೂರುವ ಕೆಮ್ಮು. ‘ಸರಿ, ಗದ್ದೆಯಲ್ಲಿದ್ದೆ. ಆಮೇಲೆ?’ ಎಂದು ಕೇಳುವ ಕೆಮ್ಮು. ಹುಡುಗನಿಗೆ ಮುಂದಿನ ಮಾತೇ ಮರೆತುಹೋಯಿತು.

ಮಧುಕರ್ ಕಿವಿಯ ಹೆಡ್‌ಫೋನ್ ತೆಗೆದ. “ಸಾರ್, ಆ ಕೆಮ್ಮು ಯಾರ್ದು?”

“ನಂದೇ. ಯಾಕಪ್ಪ, ಅದೂ ಬಾಡಿಗೆಗೆ ಬೇಕಾ?”

ಬೇಕಾಗಿತ್ತು. ಕೆಮ್ಮಿನ ಜೊತೆಗೆ ಮಾತೂ ಸೇರಿ, ಹೆಗ್ಗಡೆಯ ದನಿ ಮುನಿಶಾಮಿಯವರದೇ ಆಯಿತು. ಎರಡು ವರ್ಷದಲ್ಲಿ ಆ ಕೆಮ್ಮಿಗೆ ನಲವತ್ತೆಂಟು ಕೊಲೆಗಾರರು ಶರಣಾದರು. ಸೇನಾಪತಿ ಬಿದ್ದ, ಶಿಲ್ಪಿ ಬಿದ್ದ, ರಾಜವೈದ್ಯ ಬಿದ್ದ. ಮುನಿಶಾಮಿಯವರ ತೆಲುಗು, ತಮಿಳು ಬೆರೆತ ಹೊರಮಾವಿನ ಕನ್ನಡದಲ್ಲಿ ಬೃಂದಾಳಿಗೆ ಹಳಗನ್ನಡದ ವಾಸನೆ ಬಂತು. ಅವರು ಮರೆತು “ಏಂಪಾ” ಎಂದರೆ, ಆಕೆ ಅದನ್ನು ಶಾಸನದ ಭಾಷೆ ಎಂಬಂತೆ ಹಾಗೇ ಉಳಿಸಿಕೊಂಡಳು.

ಇತ್ತ ಬೀದಿಯೂ ಬದಲಾಯಿತು. ಮೂರನೇ ರೂಮಿನ ಹುಸೇನಪ್ಪ ಟೈಲ್ಸ್ ಹಾಕುವವನು. ದಿನವಿಡೀ ಜೇಬಿನ ಮೊಬೈಲಿನಲ್ಲಿ ಹೆಗ್ಗಡೆಯನ್ನು ಹಾಡಿಸಿಕೊಂಡೇ ಕೆಲಸ ಮಾಡುತ್ತಿದ್ದ. ಒಂದು ಭಾನುವಾರ ಬಂದು ಕೈಕಟ್ಟಿ ನಿಂತ. “ಓನರ್ರ, ಟ್ಯಾಂಕಿನ ವಾಲ್ವ್ ಮುರದಿದ್ದು ನಾನೇರಿ. ನೀವು ನನ್ನ ರೂಮಿನ ಮುಂದ ಕೆಮ್ಮಕೋತ ಹೋದ್ರಿ ನೋಡ್ರಿ, ನಿಮಗ ಗೊತ್ತಾಗೇದ ಅನ್ನಿಸ್ತು.”

ಮುನಿಶಾಮಿಯವರಿಗೆ ಏನೂ ಗೊತ್ತಿರಲಿಲ್ಲ. ಆದರೂ ಹೆಗ್ಗಡೆಯ ಗತ್ತಿನಲ್ಲಿ ತಲೆಯಾಡಿಸಿದರು. ಜನ ತಾವಾಗಿ ಬಂದು ನಿಜ ಹೇಳುವ ಮನುಷ್ಯನಾಗುವುದೆಂದರೆ ಎಂಥ ಸುಖ ಎಂದು ಅವರಿಗೆ ಆಗ ತಿಳಿಯಿತು. ಓನರ್ ಆಗಿ ಕಳೆದ ಅಷ್ಟು ವರ್ಷ ವ್ಯರ್ಥ ಎನಿಸಿತು.

ಅಂಥ ಸಾಮ್ರಾಜ್ಯಕ್ಕೆ ಕೊಡಲಿ ಬಿದ್ದದ್ದು ಒಂದು ಪತ್ರದಿಂದ. ಸರ್ವಜ್ಞನಗರದ ಡಾಕ್ಟರೊಬ್ಬರು ಬರೆದಿದ್ದರು: ‘ಸರಣಿ ಚೆನ್ನಾಗಿದೆ. ಆದರೆ ಹೆಗ್ಗಡೆಯದು ನೂರಕ್ಕೆ ನೂರು ಬೀಡಿ ಕೆಮ್ಮು. ಈ ನೆಲಕ್ಕೆ ಹೊಗೆಸೊಪ್ಪು ಬಂದದ್ದೇ ಹೊಯ್ಸಳರಾದ ಎಷ್ಟೋ ಕಾಲದ ಮೇಲೆ. ನಿಮ್ಮ ಹೆಗ್ಗಡೆ ಸೇದುತ್ತಿರುವುದು ಏನನ್ನು?’

ಬೃಂದಾ ಎರಡು ದಿನ ಊಟ ಬಿಟ್ಟಳು. ಹಸಿಮೆಣಸಿನಕಾಯಿಯನ್ನು ಬಾಗಿಲಲ್ಲೇ ತಡೆದವಳು, ಒಂದಿಡೀ ಬೀಡಿ ಕಟ್ಟನ್ನು ನಾಯಕನ ಎದೆಯೊಳಗೇ ಬಿಟ್ಟುಕೊಂಡಿದ್ದಳು. ಕೊನೆಗೆ, ಹೆಗ್ಗಡೆ ಹರೆಯದಲ್ಲಿ ಆಲೆಮನೆಯ ಹೊಗೆ ಕುಡಿದು ಬೆಳೆದವನು ಎಂದು ಒಂದು ಸಾಲು ಸೇರಿಸಿ ಮಾನ ಉಳಿಸಿಕೊಂಡಳು. ಮಧುಕರನಿಗೋ ಡಾಕ್ಟರು ಬರೆದರೆಂಬುದೇ ಹೆಮ್ಮೆ. ಪತ್ರವನ್ನು ಮುಂದಿನ ಕಂತಿನ ಆರಂಭದಲ್ಲಿ ಗಟ್ಟಿಯಾಗಿ ಓದಿಬಿಟ್ಟ.

ಅದನ್ನು ಆಂಜನಮ್ಮ ಕೇಳಿದರು. ಅಂದು ಅನ್ನ ಬಸಿಯುತ್ತಿರಲಿಲ್ಲ.

ಮಗನ ನಾಮಕರಣದ ದಿನ ಬೀಡಿ ಬಿಟ್ಟೆನೆಂದು ಮುನಿಶಾಮಿ ಆಣೆ ಮಾಡಿ ಮೂವತ್ತೈದು ವರ್ಷವಾಗಿತ್ತು. ಅಲ್ಲಿಂದೀಚೆಗಿನ ಕೆಮ್ಮಿಗೆಲ್ಲ ಅವರು ಕಾರಣ ಕೊಡುತ್ತಿದ್ದದ್ದು ಅಪಾರ್ಟ್‌ಮೆಂಟ್ ಕಟ್ಟುವ ಧೂಳು. ಹೊರಮಾವಿನಲ್ಲಿ ಆ ಕಾರಣವನ್ನು ಸಂಶಯಿಸುವ ಹಕ್ಕು ಯಾರಿಗೂ ಇರಲಿಲ್ಲ. ಮರುದಿನದಿಂದ ಆಂಜನಮ್ಮ ಅಂಗಿಯ ಜೇಬು ತಡಕಿದರು, ಬೀಡಿ ಅಂಗಡಿಯವನಿಗೆ ತಾಕೀತು ಮಾಡಿದರು, ಹೊತ್ತಿಗೊಂದು ಲೋಟ ಆಡುಸೋಗೆ ಕಷಾಯ ಕುಡಿಸಿದರು. ಎರಡೂವರೆ ತಿಂಗಳಲ್ಲಿ ಅನಾಹುತ ನಡೆದುಹೋಯಿತು. ಮುನಿಶಾಮಿ ಗುಣವಾದರು.

ಮೈಕಿನ ಮುಂದೆ ಕೂತು ಎಷ್ಟು ತಿಣುಕಿದರೂ ಮದುವೆ ಮನೆಯ ಪುರೋಹಿತರು ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಬರುತ್ತಿತ್ತೇ ಹೊರತು ಒಬ್ಬ ಜೇಬುಗಳ್ಳನೂ ಹೆದರುವಂತಿರಲಿಲ್ಲ. ಮಧುಕರ್ ಮೊದಮೊದಲು ಧೈರ್ಯ ಹೇಳಿದ. ಆಮೇಲೆ ಕಂಪ್ಯೂಟರ್ ತೆರೆದು ತೋರಿಸಿದ. ಅದರೊಳಗೆ ಮುನಿಶಾಮಿಯವರ ಹಳೆಯ ಕೆಮ್ಮುಗಳು ಇನ್ನೂರ ಹದಿನಾಲ್ಕು, ಸಂದೇಹದ ಕೆಮ್ಮು, ಕನಿಕರದ ಕೆಮ್ಮು, ಹೆಣ ಸಿಕ್ಕಾಗಿನ ಕೆಮ್ಮು ಎಂದು ಹೆಸರು ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು.

“ಸಾರ್, ಆಫೀಸಲ್ಲಿ ಏನಂತಾರೆ ಅಂದ್ರೆ, ಕೆಮ್ಮು ಹೆಂಗೂ ಸ್ಟಾಕಿದೆ. ಮಾತಿಗೆ ಬೇರೆ ಯಾರಾದ್ರೂ ಯಂಗ್ ಆರ್ಟಿಸ್ಟ್ ಸಿಗ್ತಾರೆ. ನೀವು ರೆಸ್ಟ್ ತಗೊಳ್ಳಿ ಅಂತ. ಸೋಮವಾರ ಒಂದ್ಸಲ ಲೈವ್ ಟ್ರೈ ಮಾಡೋಣ. ಒರಿಜಿನಲ್ ಕೆಮ್ಮು ಬಂತೋ, ನೀವೇ ಹೆಗ್ಗಡೆ.”

ಕಾಯಿಲೆಗೆ ಕೆಲಸ ಕಾಯಂ ಆಗಿ, ಕಾಯಿಲೆಯವನಿಗೆ ನೋಟಿಸು ಬಂದಿತ್ತು. ಮುನಿಶಾಮಿ ಅಂಗಳದಲ್ಲಿ ಕೂತು ಲೆಕ್ಕವಿಲ್ಲದಷ್ಟು ಹೊತ್ತು ನಲ್ಲಿಯನ್ನೇ ನೋಡಿದರು. ಸೋಮವಾರದಿಂದ ಮತ್ತೆ ಬರೀ ಓನರ್.

ಸೋಮವಾರ ಬೆಳಗ್ಗೆ ಹುಸೇನಪ್ಪನ ರೂಮಿನ ಬಾಗಿಲಿಗೆ ಹೋಗಿ ದನಿ ತಗ್ಗಿಸಿ ಕೇಳಿದರು. “ಒಂದು ಬೀಡಿ ಕೊಡಪ್ಪ.”

“ಬ್ಯಾಡ್ರಿ ಓನರ್ರ. ಅಮ್ಮಾರಿಗೆ ಗೊತ್ತಾದ್ರ ನನ್ನ ಗಂಟುಮೂಟಿ ರಸ್ತೆದಾಗ ಇರ್ತದ್ರಿ.”

“ಕೇತಯ್ಯ ಹೆಗ್ಗಡೆ ಕೇಳ್ತಾ ಇದಾನೆ ಅಂದ್ಕೋ.”

ಹುಸೇನಪ್ಪನ ಕಣ್ಣು ತುಂಬಿತು. ಬೀಡಿ ಕೊಟ್ಟ. ಬೆಂಕಿಪೊಟ್ಟಣವನ್ನು ಮುನಿಶಾಮಿ ದೇವರ ಮನೆಯಿಂದ ಎತ್ತಿ ತಂದಿದ್ದರು. ಕೊಟ್ಟಿಗೆಯ ಹಿಂದೆ ಕೂತು ಸೇದಿ, ಸೋಂಪು ಅಗಿದು, ಮುಖ ತೊಳೆದು ಮೈಕಿನ ಮುಂದೆ ಕೂತರು. ಮಧುಕರ್ ಕೈ ಎತ್ತಿದ. ಮುನಿಶಾಮಿ ಮನೆದೇವರನ್ನು ನೆನೆದು ಕೆಮ್ಮಿದರು.

‘ಕ್ಹು’ ಎಂದಿತು. ಬೆಕ್ಕಿನ ಮರಿಯೊಂದು ಸೀನಿದಂತೆ.

ಅಷ್ಟರಲ್ಲಿ ಬಾಗಿಲು ತೆರೆದು ಆಂಜನಮ್ಮ ಕಷಾಯದ ಫ್ಲಾಸ್ಕ್ ಹಿಡಿದು ಬಂದರು. ಮೈಕನ್ನು ಆರಿಸುವುದು ಯಾರಿಗೂ ತೋಚಲಿಲ್ಲ. ಆಕೆ ಲೋಟಕ್ಕೆ ಕಷಾಯ ಬಗ್ಗಿಸುತ್ತ, ಗಂಡನ ಮುಖವನ್ನೂ ನೋಡದೆ ಕೇಳಿದರು.

“ಏನ್ರೀ, ದೇವ್ರ ಮನೇಲಿ ಬೆಂಕಿಪೊಟ್ಟಣ ಕಾಣ್ತಿಲ್ಲ. ದೀಪ ಏನಾದ್ರೂ ಹಚ್ಚಿದ್ರಾ?”

“ಹೂಂ, ಹಚ್ದೆ ಕಣೆ.”

“ಒಳ್ಳೇದಾಯ್ತು. ಎರಡೂ ದೀಪಾನಾ?”

“ಎರಡೂ.”

“ಎಣ್ಣೆ ಸಾಕಾಯ್ತಾ?”

“ಸಾಕಾಯ್ತಲ್ಲ.”

“ನೆನ್ನೇನೇ ಮುಗ್ದೋಗಿತ್ತು.” ಆಂಜನಮ್ಮ ಲೋಟ ಮುಂದೆ ಇಟ್ಟರು. “ಬಿಸಿ ಇದೆ, ನಿಧಾನಕ್ಕೆ ಕುಡೀರಿ.”

ಸೇನಾಪತಿಯನ್ನು, ರಾಜವೈದ್ಯನನ್ನು ಮಣಿಸಿದ ಮಹಾಪುರುಷನ ಹಣೆಯಲ್ಲಿ ಬೆವರು ಮೂಡಿತು. ಲೋಟ ಎತ್ತಿದರು, ಇಟ್ಟರು.

“ಒಂದೇ ಒಂದು, ಆಂಜನಾ. ಅದೂ ಅರ್ಧಕ್ಕೇ ಬಿಸಾಕ್ದೆ. ಹುಸೇನಪ್ಪಂದೇನೂ ತಪ್ಪಿಲ್ಲ, ನಾನೇ ಕಾಡಿಸ್ದೆ.”

“ಹುಸೇನಪ್ಪನ ವಿಷ್ಯ ನಾನು ಕೇಳಿರ್ಲಿಲ್ಲ,” ಎಂದರು ಆಂಜನಮ್ಮ.

ಗಾಜಿನ ಆಚೆ ಬೃಂದಾ ಪೆನ್ನು ಹುಡುಕುತ್ತಿದ್ದಳು. ಮಧುಕರ್ ಮೆಲ್ಲಗೆ ಒಳಗೆ ಬಂದ. “ಆಂಟಿ, ಹೆಗ್ಗಡೆಗೆ ಒಬ್ಬಳು ಹೆಂಡ್ತಿ ಇದ್ರೆ ಹೆಂಗೆ?”

“ಇದ್ದೇ ಇರ್ತಾಳೆ. ಎಪ್ಪತ್ತು ವರ್ಷ ಬದುಕಿದಾನೆ ಅಂದ್ರೆ ಯಾರೋ ಅನ್ನ ಹಾಕಿರ್ಬೇಕಲ್ಲ.”

“ಆ ಪಾರ್ಟು ನೀವೇ ಮಾಡ್ಬೇಕು. ನಿಮ್ಮ ಮೊದಲ್ನೇ ಕಂತಲ್ಲೇ ಹೆಗ್ಗಡೆನ ತೀರಿಸಿಬಿಡೋಣ. ಗಂಡನ ಸಾವಿಂದಲೇ ನಿಮ್ಮ ವಿಚಾರಣೆ ಶುರು. ಸಾರ್‌ಗೂ ರೆಸ್ಟು.” ಇಷ್ಟನ್ನೂ ಅವನು ಮುನಿಶಾಮಿಯವರ ಎದುರಿಗೇ ಹೇಳಿದ. ಅವರು ಕಷಾಯದ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು.

ಆಂಜನಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. “ಎದುರಿಗೆ ಇವ್ರು ಕೂತಿಲ್ದೆ ಹೋದ್ರೆ ನಾನು ಯಾರನ್ನಪ್ಪ ಕೇಳ್ಲಿ? ನಿನ್ನ ಕೇಳ್ಲಾ?”

ಆಕೆ ಸುಮ್ಮನೆ ನೋಡಿದರು, ಅಷ್ಟೇ. ಮಧುಕರನಿಗೆ ತಾನು ಮಾಡಿದ ತಪ್ಪುಗಳ ಜೊತೆಗೆ ಮಾಡದ ತಪ್ಪುಗಳೂ ನೆನಪಾಗತೊಡಗಿದವು. “ಇಲ್ಲ ಆಂಟಿ, ಸಾರ್ ಇರ್ತಾರೆ. ಇರ್ಲೇಬೇಕು,” ಎಂದ. ಆಫೀಸಿಗೂ ಫೋನು ಮಾಡಿ ಹಾಗೇ ಹೇಳಿದ.

ಈಗ ದೋರಸಮುದ್ರದಲ್ಲಿ ವಿಚಾರಣೆ ನಡೆಯುವುದು ಹೆಗ್ಗಡೆಯ ಮನೆಯ ಪಡಸಾಲೆಯಲ್ಲಿ. ಶಂಕಿತನನ್ನು ಹೆಗ್ಗಡೆ ಊಟಕ್ಕೆ ಕರೆತರುತ್ತಾನೆ. ಹೆಗ್ಗಡತಿ ಕರಿಮೆಣಸಿನ ಸಾರು ಬಡಿಸುತ್ತ ಎಣ್ಣೆ, ಬತ್ತಿ, ಹಾಲು, ಮೊಸರಿನ ವಿಷಯ ಕೇಳುತ್ತಾಳೆ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವ ಮೊದಲೇ ಮನುಷ್ಯ ಕೊಲೆ ಒಪ್ಪಿಕೊಂಡಿರುತ್ತಾನೆ. ಮುನಿಶಾಮಿ ಪಕ್ಕದಲ್ಲಿ ಕೂತು, “ಇನ್ನೊಂಚೂರು ಹಾಕಿಸ್ಕೊಳ್ಳಪ್ಪ” ಎನ್ನುತ್ತಾರೆ. ಅಷ್ಟು ಸಹಜವಾಗಿ ಆ ಮಾತನ್ನು ಹೇಳುವ ಕಲಾವಿದ ಬೇರೆಲ್ಲೂ ಸಿಗಲಾರನೆಂದು ಕೇಳುಗರು ಬರೆಯುತ್ತಾರೆ.

ಮೊನ್ನೆ ನಲ್ಲಿಯ ಬಳಿ ಹುಸೇನಪ್ಪ ಮೆಲ್ಲಗೆ ಕೇಳಿದ. “ಓನರ್ರ, ಈಗ ಕೊಲೆಗಾರರನ್ನ ಹಿಡಿಯಾವ್ರು ಯಾರ್ರಿ, ನೀವೋ, ಅಮ್ಮಾರೋ?”

“ಹಿಡಿಯೋದು ಅವಳು,” ಎಂದರು ಮುನಿಶಾಮಿ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ. “ಊಟಕ್ಕೆ ಕರ್ಕೊಂಡು ಬರೋದು ನಾನು. ನಾನ್ ಕರೀದೆ ಇದ್ರೆ ಯಾರ್ ಬರ್ತಾರೆ, ನೀನೇ ಹೇಳು.”