ರಾಟಿಗೆ ಒಡೆದ ಕಾಯಿ

ಕಲ್ಲು ಎತ್ತುವುದು ಸುಲಭ, ಇಳಿಸುವುದು ಕಷ್ಟ. ಇದನ್ನು ಯಾರಾದರೂ ವೇದಾಂತ ಅಂದುಕೊಂಡರೆ ಅವರು ಕಲ್ಲು ಎತ್ತಿದವರಲ್ಲ ಎಂದೇ ಅರ್ಥ. ನಾನು ಎತ್ತಿದ್ದೇನೆ. ಶಹಾಪುರ, ಸುರಪುರದ ನಡುವೆ ಕಾಲುವೆ ತೋಡುತ್ತಿದ್ದ ಕಾಲದಲ್ಲಿ, ಹಳ್ಳಕ್ಕೆ ಅಡ್ಡವಾಗಿ ಸೇತುವೆ ಕಟ್ಟುತ್ತಿದ್ದ ಒಂದು ಗ್ಯಾಂಗಿನಲ್ಲಿ ನನ್ನ ಪ್ರಾಯದ ಒಳ್ಳೆಯ ದಿನಗಳೆಲ್ಲ ಹೋದವು.

ನಮ್ಮ ಗ್ಯಾಂಗಿಗೆ ಒಂದು ಯಂತ್ರವಿತ್ತು. ಗುತ್ತೇದಾರ ಅದನ್ನು ಹ್ಯಾಂಡ್ ವಿಂಚ್ ಎನ್ನುತ್ತಿದ್ದ. ನಾವು ರಾಟಿ ಎಂದು ಕರೆದು ಕೆಲಸ ಮುಗಿಸಿದೆವು. ಒಂದು ಕಬ್ಬಿಣದ ಚೌಕಟ್ಟು, ನಡುವೆ ತಂತಿಹಗ್ಗ ಸುತ್ತುವ ಉರುಳೆ, ಪಕ್ಕದಲ್ಲಿ ಒಂದನ್ನೊಂದು ಕಚ್ಚುವ ಹಲ್ಲಿನ ಗಾಲಿಗಳು, ಎರಡೂ ಬದಿಗೆ ಒಂದೊಂದು ಹಿಡಿಕೆ. ಮೂರು ದಪ್ಪ ಮರದ ಬಲ್ಲಿಗಳನ್ನು ತಲೆಗೆ ತಲೆ ಸೇರಿಸಿ ಕಟ್ಟಿ ನಿಲ್ಲಿಸಿ, ಅದರ ನೆತ್ತಿಗೆ ಗಡಗಡಿ ತೂಗುಹಾಕಿ, ಹಗ್ಗವನ್ನು ಅದರ ಮೇಲಿಂದ ಇಳಿಬಿಡುತ್ತಿದ್ದೆವು. ಊರೆಲ್ಲ ಸೇರಿ ಹಾರೆ ಹಾಕಿ ಮೀಟಿದರೂ ಮಿಸುಕದ ಕಲ್ಲು, ಇಬ್ಬರು ನಿಂತು ಹಿಡಿಕೆ ತಿರುಗಿಸಿದರೆ ಹಸುಗೂಸಿನಂತೆ ನೆಲ ಬಿಟ್ಟು ಏಳುತ್ತಿತ್ತು. ಇನ್ನಿಬ್ಬರು ಅದಕ್ಕೆ ಪಕ್ಕದ ಹಗ್ಗ ಕಟ್ಟಿ ಗೋಡೆಯ ಕಡೆಗೆ ಎಳೆದು ಹಿಡಿಯುತ್ತಿದ್ದರು. ಗೋಡೆ ಕಟ್ಟುವ ಗೌಂಡಿ ಕೈ ಮಾಡಿದ ಮೇಲೆ ನಾವು ಇಳಿಸಬೇಕು.

ಎತ್ತುವಾಗ ಹೆದರಿಕೆ ಇಲ್ಲ. ಹಲ್ಲಿನ ಗಾಲಿಯ ಮೇಲೆ ಒಂದು ಕಬ್ಬಿಣದ ತುಂಡು ಟಕ್ ಟಕ್ ಎಂದು ಬೀಳುತ್ತ, ಗಾಲಿ ಹಿಂದಕ್ಕೆ ತಿರುಗದಂತೆ ತಡೆಯುತ್ತದೆ. ಇಳಿಸುವಾಗ ಆ ತುಂಡನ್ನು ಎತ್ತಿಡಬೇಕು. ಆಮೇಲೆ ಕಲ್ಲನ್ನು ಹಿಡಿದಿರುವುದು ಇಬ್ಬರ ತೋಳು ಮಾತ್ರ. ಒಬ್ಬ ಹೇಳದೆ ಕೈ ತೆಗೆದರೆ ಇನ್ನೊಬ್ಬನ ಕೈಯಿಂದ ಹಿಡಿಕೆ ಕಿತ್ತುಕೊಂಡು ತಿರುಗುತ್ತದೆ. ಹಾಗಾಗಿ ರಾಟಿಯ ಜೋಡಿಯನ್ನು ಯಾರೂ ಸುಮ್ಮನೆ ಬದಲಿಸುತ್ತಿರಲಿಲ್ಲ. ಎದುರಿಗೆ ನಿಂತವನ ಉಸಿರು ನೋಡಿ ಇವತ್ತು ಅವನು ಉಂಡಿದ್ದಾನೋ ಇಲ್ಲವೋ ಎಂದು ಹೇಳುವಷ್ಟು ಬಳಕೆಯಾಗಬೇಕು.

ನನ್ನ ಜೋಡಿ ನನ್ನ ತಂಗಿಯ ಗಂಡ. ನಾನು ಅವನನ್ನು ಅಳಿಯ ಎನ್ನುತ್ತಿದ್ದೆ, ಅವನು ನನ್ನನ್ನು ಮಾವ ಎನ್ನುತ್ತಿದ್ದ. ನಮ್ಮದು ವಡಗೇರಾ ಕಡೆಯ ಕುರಿ ಸಾಕುವ ಮನೆ, ಅವನದು ಮುದನಾಳ. ಕಾಲುವೆ ಕೆಲಸಕ್ಕೆ ಮೊದಲು ಹೋದವನು ಅವನೇ. ಒಂದು ದಿನ ನಮ್ಮ ಕುರಿಹಟ್ಟಿಗೆ ಬಂದು ನಿಂತು, “ಎಷ್ಟು ದಿನಾ ಅಂತ ಕುರಿ ಬಾಲ ನೋಡಕೊಂತ ತಿರಗತಿ ಮಾವಾ? ಬಾ, ಕಬ್ಬಿಣ ತಿರುವೂಣು” ಅಂದ. ನಾನು ಕೋಲು ಅಪ್ಪನ ಕೈಗೆ ಕೊಟ್ಟು ಅವನ ಹಿಂದೆ ಹೊರಟೆ. ಅವನೆಂದರೆ ನನಗೆ ಪ್ರೀತಿ. ಇದನ್ನು ಈಗ ಬರೆಯುವಾಗ ಸಿಟ್ಟು ಬರುತ್ತದೆ, ಆದರೆ ಪ್ರೀತಿ ಇದ್ದದ್ದು ಸುಳ್ಳಲ್ಲ. ಅವನ ಚೇಷ್ಟೆ ಕೇಳುತ್ತ ತಿರುಗಿಸಿದರೆ ಕಲ್ಲಿನ ಭಾರ ಗೊತ್ತಾಗುತ್ತಿರಲಿಲ್ಲ.

ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ರಾಟಿಯಿಂದ ಕಲ್ಲು ಜಾರಿ ಯಾರಿಗಾದರೂ ರಕ್ತ ಬಂದರೆ, ಆಳುಗಳ ಮೇಲ್ವಿಚಾರಣೆ ನೋಡುವ ಮುಕದ್ದಮ ಅದರ ಉರುಳೆಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದ. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಯಾರ ಕೈ ತಪ್ಪಿತೋ ಅವನು ತಾನಾಗಿ ಬಂದು, ರಾಟಿಗೆ ಎಣ್ಣೆ ಹಾಕಿ, ಕಾಯಿ ಒಡೆದು, ‘ತಪ್ಪಾತು’ ಎಂದ ಮೇಲೆಯೇ ಬಟ್ಟೆ ಬಿಚ್ಚುವುದು. ಅಲ್ಲಿಯ ತನಕ ಇಡೀ ಗ್ಯಾಂಗು ಕೈಕಟ್ಟಿ ಕೂರಬೇಕು. ನಾನು ಗ್ಯಾಂಗಿಗೆ ಸೇರಿದ ಮೇಲೆ ಅಂಥದ್ದು ಆಗಿರಲಿಲ್ಲ. ಕೇಳಿ ಗೊತ್ತಿತ್ತು ಅಷ್ಟೆ. ಅದನ್ನು ನಾನು ದಸರೆಯ ಆಯುಧಪೂಜೆಯಂಥದ್ದು, ಕಬ್ಬಿಣಕ್ಕೆ ಮಾಡುವ ಶಾಂತಿ ಎಂದೇ ತಿಳಿದಿದ್ದೆ.

ಆ ದಿನ ನಡುಮಧ್ಯಾಹ್ನ. ಸೇತುವೆಯ ಗೋಡೆಯ ಮೂಲೆಗಲ್ಲು ಇಳಿಸುತ್ತಿದ್ದೆವು. ಗೋಡೆಯ ಮೇಲೆ ಸುರಪುರದ ಹಿರಿಯ ಗೌಂಡಿ ಕುಕ್ಕರಗಾಲಲ್ಲಿ ಕೂತು, ಸಿಮಿಟು ಸವರಿ, ಕೈ ಮಾಡಿದ. ನಮ್ಮಿಬ್ಬರಿಗೂ ಅವನು ಕಾಕಾ. ನನಗೆ ಹಗ್ಗದ ಗಂಟಿನಿಂದ ಹಿಡಿದು ಎಲ್ಲವನ್ನೂ ಕಲಿಸಿದವನು ಅವನೇ. ತುಂಡು ಎತ್ತಿಟ್ಟು ಇಳಿಸತೊಡಗಿದೆವು. ಕಲ್ಲು ಗೌಂಡಿಯ ಎದೆಮಟ್ಟಕ್ಕೆ ಬಂದಿತ್ತು. ಆಗ ಅಳಿಯನ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಕಣ್ಣಿನ ಮೇಲೆ ಇಳಿಯಿತು. ಅವನು ಅದನ್ನು ಹಿಡಿಯಲು ಎರಡೂ ಕೈ ಎತ್ತಿದ.

ಹಿಡಿಕೆ ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಮಣಿಕಟ್ಟಿಗೆ ಬಡಿಯಿತು. ಬಿದ್ದವನು ಎದ್ದು ನೋಡುವ ಹೊತ್ತಿಗೆ ಗೌಂಡಿಯ ಕೂಗು ಹಳ್ಳದ ಆಚೆ ದಂಡೆಗೂ ಕೇಳಿತ್ತು. ಅವನ ಬಲಗಾಲಿನ ಮೇಲೆ ಕಲ್ಲಿನ ಅಂಚು ಕೂತಿತ್ತು. ಹಾರೆ ಹಾಕಿ ಬಿಡಿಸಿ, ಸಿಮಿಟಿನ ಲಾರಿಯಲ್ಲಿ ಮಲಗಿಸಿ ದವಾಖಾನೆಗೆ ಕಳಿಸಿದರು. ನನ್ನ ತಂಗಿ ಬುತ್ತಿ ತಂದವಳು ಕಲ್ಲಿನ ರಾಶಿಯ ಹತ್ತಿರ ನಿಂತಿದ್ದಳು. ಆಗ ಅವಳಿಗೆ ದಿನ ತುಂಬುತ್ತಾ ಬಂದಿದ್ದವು. ಅವಳು ಕೂಗು ಕೇಳಿ ಆಮೇಲೆ ಓಡಿಬಂದಿರಬೇಕು ಎಂದುಕೊಂಡೆ.

ಮುಕದ್ದಮ ನಮ್ಮಿಬ್ಬರ ಎದುರು ನಿಂತು, “ಯಾರ ಕೈ ಮೊದ್ಲ ಹೋತು?” ಎಂದು ಕೇಳಿದ. ನಾನು ಅಳಿಯನ ಮುಖ ನೋಡಿದೆ. ಅವನು ನೆಲ ನೋಡಿದ. ಗಾಬರಿಯಲ್ಲಿದ್ದಾನೆ, ಸುಧಾರಿಸಿಕೊಂಡು ಹೇಳುತ್ತಾನೆ ಎಂದು ನಾನೂ ಸುಮ್ಮನಿದ್ದೆ. ಟವೆಲ್ಲು ಜಾರಿದ್ದು ಯಾರಿಗಾದರೂ ಆಗಬಹುದಾದದ್ದು. ಆ ಮಾತಿಗೆ ಅವನನ್ನು ನಾನು ಒಂದು ದಿನವೂ ದೂರಿಲ್ಲ, ಈಗಲೂ ದೂರುವುದಿಲ್ಲ. ಮುಕದ್ದಮ ಇನ್ನೊಂದು ಸಲ ಕೇಳದೆ ಕೆಂಪು ಬಟ್ಟೆ ತಂದು ಕಟ್ಟಿದ.

ಹೊತ್ತು ಮುಳುಗುವ ಮುಂದೆ ಅಳಿಯ ನನ್ನ ಜೋಪಡಿಗೆ ಬಂದ. ಊದಿದ ನನ್ನ ಮಣಿಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅರಿಸಿಣ ಹಚ್ಚಿದ.

“ಮಾವಾ, ಕಾಯಿ ನೀ ಒಡಿ” ಅಂದ. “ನನ್ನ ಹೆಸರು ಬಂದ್ರ ನನ್ನ ಇಲ್ಲಿಂದ ಎಬ್ಬಸ್ತಾರ. ನಿನ್ನ ತಂಗಿದು ಹಿಂಗ ಅದ, ಎಲ್ಲಿಗಿ ಕರಕೊಂಡು ಹೋಗ್ಲಿ? ನೀ ಗಟ್ಟಿ ಕೈಯವ, ನಿನ್ನ ಯಾರೂ ಬಿಡಂಗಿಲ್ಲ. ಕಾಕಾ ದವಾಖಾನಿಂದ ಬರ್ಲಿ, ಅವನ ಮುಂದ, ಮುಕದ್ದಮನ ಮುಂದ ನಾನೇ ನಿಂತು ಹೇಳ್ತೀನಿ. ತಿಂಥಣಿ ಮೌನೇಶನ ಆಣಿ.”

ತಿಂಥಣಿಯ ಆಣೆ ಹಾಕಿದವನ ಮಾತಿಗೆ ಎದುರು ಮಾತು ಯಾವುದು? ನಮ್ಮ ಅಪ್ಪ ಮಳೆ ಬಾರದಿದ್ದರೆ ದೇವರಿಗೇ ಬೈಯುವ ಮನುಷ್ಯ, ಅವನೂ ಆ ಹೆಸರು ಎತ್ತಿದರೆ ದನಿ ಇಳಿಸುತ್ತಿದ್ದ. ಕಾಯಿ ಒಡೆಯುವುದೆಂದರೆ ರಾಟಿ ಮತ್ತೆ ನಡೆಯಲಿ ಎಂದು, ಉಳಿದದ್ದನ್ನು ಅಳಿಯ ಬಂದು ಹೇಳುತ್ತಾನೆ ಎಂದು ನಾನು ಒಪ್ಪಿದೆ. ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಎಣ್ಣೆ ಹಾಕಿ, ಎಡಗೈಯಲ್ಲಿ ಕಾಯಿ ಒಡೆದು, ತಪ್ಪಾತು ಅಂದೆ. ಬಲಗೈ ಎತ್ತಲು ಬರುತ್ತಿರಲಿಲ್ಲ. ಅದನ್ನು ನೋಡಿ ಒಬ್ಬರಾದರೂ ಯೋಚನೆ ಮಾಡಲಿಲ್ಲ, ಕೈ ಬಿಟ್ಟವನಿಗೆ ಹಿಡಿಕೆ ಬಡಿಯುವುದಿಲ್ಲ, ಹಿಡಿದವನಿಗೇ ಬಡಿಯುವುದು ಎಂದು.

ಮುಕದ್ದಮ ಬಟ್ಟೆ ಬಿಚ್ಚಿದ. ನನ್ನ ಕಡೆ ತಿರುಗಿ, “ಇನ್ನ ಮ್ಯಾಲ ನೀ ಹಿಡಿಕಿ ಮುಟ್ಟಬ್ಯಾಡ” ಅಂದ. ನನ್ನ ಜಾಗಕ್ಕೆ ಹತ್ತಿಗೂಡೂರು ಕಡೆಯ ಒಬ್ಬ ಹೊಸಬನನ್ನು ನಿಲ್ಲಿಸಿದ. ಅಳಿಯ ತನ್ನ ಬದಿಯ ಹಿಡಿಕೆ ಹಿಡಿದು, ಆ ಹೊಸಬನಿಗೆ, “ಗಟ್ಟಿ ಹಿಡಿ ತಮ್ಮಾ, ಏನೇ ಆಗ್ಲಿ ಹೇಳದ ಕೈ ತಗೀಬ್ಯಾಡ. ನಿನ್ನೆ ಏನಾತು ನೋಡಿದೆಲ್ಲ” ಎಂದು ಬುದ್ಧಿ ಹೇಳಿದ. ನಾನು ಅಲ್ಲೇ ಇದ್ದೆ. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಮ್ಮ ಅಳಿಯ ಅದಕ್ಕಿಂತ ಜಾಣ, ಅವನು ನನ್ನ ಹೆಗಲು ಮುಟ್ಟಿ ತೋರಿಸಿದ.

ಆದರೂ ಕಾದೆ. ಅವನು ಆಣೆ ಹಾಕಿದ್ದ. ನನಗೆ ಕಲ್ಲಿನ ಚೂರು ಹೊರುವ ಕೆಲಸ ಕೊಟ್ಟರು, ನೀರು ಹಾಕುವ ಕೆಲಸ ಕೊಟ್ಟರು, ಆಮೇಲೆ ಅದೂ ಇಲ್ಲ. ಗೌಂಡಿಯ ಅರ್ಧ ಪಾದ ತೆಗೆದರು ಎಂಬ ಸುದ್ದಿ ಬಂದ ದಿನ, ಹೆಂಗಸರು ನನ್ನನ್ನು ಕಂಡು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ನಾನು ಮರಳಿ ಕುರಿಹಟ್ಟಿಗೆ ಬಂದೆ. ನನಗಿಂತ ಮೊದಲೇ ನನ್ನ ಹೆಸರು ಬಂದು ಕೂತಿತ್ತು. ಹೆಣ್ಣು ಕೊಡುವೆವೆಂದು ವೀಳ್ಯದ ಮಾತಿನ ತನಕ ಬಂದಿದ್ದ ಮನೆಯವರು, “ಕಲ್ಲನ್ನೇ ಹಿಡೀಲಿಲ್ಲ, ನಮ್ಮ ಮಗಳನ್ನ ಹಿಡೀತಾನೇನು” ಎಂದು ತಿರುಗಿಹೋದರು. ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವನು ಕೇಳಿದ್ದರೆ ಚೆನ್ನಾಗಿತ್ತು.

ಅಳಿಯ ಹಬ್ಬಕ್ಕೆ ಬಂದಾಗ ಮೂಲೆಗೆ ಕರೆದು ಕೇಳುತ್ತಿದ್ದೆ. ಮೊದಲ ಸಲ, ಕಾಕಾ ಇನ್ನೂ ಹಾಸಿಗೆ ಹಿಡಿದಿದ್ದಾನೆ, ಈಗ ಹೇಳಿದರೆ ಸಂಕಟಪಡುತ್ತಾನೆ ಅಂದ. ಇನ್ನೊಂದು ಸಲ, ಕೂಸಿಗೆ ಮೈ ಸರಿಯಿಲ್ಲ ಅಂದ. ಆಮೇಲೆ ನಾನು ಕರೆದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಗ್ಯಾಂಗಿಗೆ ಅವನೇ ಮುಕದ್ದಮನಾದ. ನಾನೇ ಹೋಗಿ ಹೇಳಬಹುದಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಹತ್ತು ಮಂದಿಯ ಮುಂದೆ ಕಾಯಿ ಒಡೆದವನ ಮಾತನ್ನು ನಮ್ಮಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಕೇಳಿದರೂ ಮುರಿಯುವುದು ತಂಗಿಯ ಮನೆ. ಅವಳಿಗೆ ಇದೇನೂ ಗೊತ್ತಿಲ್ಲ, ಅವಳ ಪಾಲಿನ ನೆಮ್ಮದಿ ಅವಳಿಗಿರಲಿ ಎಂದು ಹಲ್ಲು ಕಚ್ಚಿದೆ. ನನಗೆ ಊರ ಮಂದಿಯ ಮಾತು ಅಷ್ಟಾಗಿ ಬೇಕಿರಲಿಲ್ಲ. ಕಾಕಾನಿಗೆ ಒಬ್ಬನಿಗೆ ಗೊತ್ತಾಗಬೇಕಿತ್ತು. ನನಗೆ ಕೆಲಸ ಕಲಿಸಿದ ಮನುಷ್ಯ ನಾನೇ ಅವನ ಕಾಲು ತೆಗೆದೆ ಎಂದುಕೊಂಡು ಕುಂಟುತ್ತಿದ್ದಾನಲ್ಲ ಎಂಬುದು ಉಂಡ ರೊಟ್ಟಿಯನ್ನೂ ಮೈಗೆ ಹತ್ತಗೊಡುತ್ತಿರಲಿಲ್ಲ.

ಕಾಲುವೆಗೆ ನೀರು ಬಂತು. ಜೋಳದ ಹೊಲಗಳಲ್ಲಿ ಬತ್ತ ನಿಂತಿತು. ನನಗೂ ತಡವಾಗಿ ಮದುವೆಯಾಯಿತು. ಸುರಪುರಕ್ಕೆ ಎಷ್ಟೋ ಸಲ ಹೋದೆ, ಗೌಂಡಿಯ ಓಣಿಗೆ ಮಾತ್ರ ಕಾಲಿಡಲಿಲ್ಲ. ಒಮ್ಮೆ ಕಂಬಳಿ ಕೊಡಲು ಹೋದವನು ದಾರಿ ತಪ್ಪಿ ಅದೇ ಓಣಿಯಲ್ಲಿ ಹೊರಬಿದ್ದೆ. ಅವನು ಕಟ್ಟೆಯ ಮೇಲೆ ಕೂತು ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆಯುತ್ತಿದ್ದ.

“ಯಾಕ ತಮ್ಮಾ, ನೋಡೀನೂ ನೋಡದಂಗ ಹೊಂಟೀಯಲ್ಲ?”

ಅವನ ಹತ್ತಿರ ಕೂತೆ. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡದ್ದು ತಡೆಯಲಿಲ್ಲ. “ಕಾಕಾ, ಅವತ್ತು ಹೋದ ಕೈ ನಂದಲ್ಲ” ಅಂದೆ.

ಅವನು ಉಳಿಯ ಮೇಲಿನ ಪುಡಿ ಊದಿದ. “ಗೊತ್ತದ. ಕಲ್ಲು ಮೈಮ್ಯಾಲ ಬರಾಕತ್ತಾಗ ನಾ ಮತ್ತೆಲ್ಲಿ ನೋಡ್ಲಿ? ನಿಮ್ಮ ಕಡಿನೇ ನೋಡಿದೆ. ನೀ ಹಿಡಿಕಿ ಮ್ಯಾಲ ಬಿದ್ದಿದ್ದಿ. ಅಂವ ಟವೆಲ್ಲು ಹಿಡದಿದ್ದ.”

“ಮತ್ತ ಯಾಕ ಯಾರಿಗೂ ಹೇಳಲಿಲ್ಲ?”

“ಹೇಳಾಂವ ಇದ್ದೆ. ನಿನ್ನ ತಂಗಿ ದವಾಖಾನಿಗಿ ಬಂದಿದ್ಲು, ಆ ಹೊಟ್ಟಿ ಹೊತಗೊಂಡು. ‘ಕಾಕಾ, ನಾನೂ ಕಣ್ಣಾರೆ ನೋಡೀನಿ, ನನ್ನ ಗಂಡಂದೇ ತಪ್ಪು, ಆದ್ರ ನಮ್ಮಣ್ಣ ತಾನೇ ಒಪ್ಪಿ ತನ್ನ ಮ್ಯಾಲ ಹಾಕ್ಕೊಂಡಾನ, ಕಡೀತನಕ ಹಂಗ ಇರ್ಲಿ ಅಂತ ಹೇಳಿ ಕಳಿಸ್ಯಾನ’ ಅಂದ್ಲು. ನೀನೇ ಹೇಳಿ ಕಳಿಸೀದಿ ಅಂದ ಮ್ಯಾಲ ನಡುವ ನಾ ಯಾರಪಾ? ಇಂಥಾ ಅಣ್ಣ ಇರಬೇಕು ಅಂತ ನಮ್ಮ ಮನ್ಯಾಗೂ ಹೇಳತಿರತೀನಿ.”

ನಾನು ಯಾವುದನ್ನೂ ಹೇಳಿ ಕಳಿಸಿರಲಿಲ್ಲ. ಅವನ ಹೆಂಡತಿ ಕೊಟ್ಟ ಚಾ ಕುಡಿದು ಎದ್ದೆ. ಊರಿಗೆ ಹೋಗುವ ಬಸ್ಸು ಬಿಟ್ಟು ಮುದನಾಳಕ್ಕೆ ಹೋದೆ.

ಅಳಿಯ ಮನೆಯಲ್ಲಿರಲಿಲ್ಲ. ತಂಗಿ ತಂಬಿಗೆಯಲ್ಲಿ ನೀರು ಕೊಟ್ಟು, ಒಲೆಯ ಮುಂದೆ ಕೂತು ರೊಟ್ಟಿ ತಟ್ಟಲು ಹಿಟ್ಟು ನಾದಿದಳು. ನಾನು ಕೂರಲಿಲ್ಲ.

“ಗೌಂಡಿ ಕಾಕಾನ ಮಾತಾಡಿಸಿ ಬಂದೆ.”

ಅವಳ ಕೈ ಹಿಟ್ಟಿನಲ್ಲಿ ನಿಂತಿತು. ಯಾವ ಗೌಂಡಿ ಎಂದು ಕೇಳಲಿಲ್ಲ.

“ನೀ ನೋಡಿದ್ದೇನು?”

“ನೋಡಿದ್ದೆ ಅಣ್ಣಾ.”

“ನನಗ ಒಂದ್ ಮಾತು ಕೇಳಬೇಕಿತ್ತಲ್ಲ. ನಿನ್ನ ಬಾಯಿಲೆ ಕೇಳಿದ್ರ ನಾ ಒಲ್ಲೆ ಅಂತಿದ್ನೇನು?”

“ಅಂತಿದ್ದಿಲ್ಲ. ಅದು ನನಗ ಗೊತ್ತಿತ್ತು,” ಅಂದಳು. “ಅದಕ್ಕ ಕೇಳಲಿಲ್ಲ.”

ಆಮೇಲೆ ಹಿಟ್ಟಿನ ಮುದ್ದೆ ಎತ್ತಿ ತಟ್ಟತೊಡಗಿದಳು. ಅಳಿಯ ಎಷ್ಟಾದರೂ ಬೇರೆ ಮನೆಯವನು. ಅವನಿಗೆ ಬೈಯಲು ನಾನು ಇಷ್ಟು ವರ್ಷ ಬೈಗುಳ ಕೂಡಿಟ್ಟುಕೊಂಡಿದ್ದೆ, ಒಂದಕ್ಕಿಂತ ಒಂದು ಚೂಪಾದವು. ಅವಳಿಗೆಂದು ಹುಡುಕಿದರೆ ಒಂದೂ ಸಿಗಲಿಲ್ಲ. ಉಂಡು ಹೋಗಣ್ಣಾ ಎಂದಳು. ನನಗೆ ಹಸಿವಾಗಿತ್ತು. ಉಣ್ಣದೆ ಹೊರಗೆ ಬಂದೆ.